ಬೇಲಿ ದಾಟುವ ಕುದುರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಚೆಯಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ಕುದುರೆಗಳ ಬಗೆಗೆ ಬಂದ ಪತ್ರಗಳೇ ಹೆಚ್ಚಾಗಿದ್ದುದರಿಂದ, ಆಕಳು–ಎಮ್ಮೆಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಕುದುರೆ ತಪ್ಪಿಸಿಕೊಂಡು ಹೋಗುವ ವಿಷಯಕ್ಕೇ ಈ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಪ್ರಶ್ನೆ: ತಿಕೋಟಾ ತಾಲ್ಲೂಕಿನ ನಮ್ಮ ಹೊಲದಲ್ಲಿ ಎರಡು ಎಕರೆಗೆ ಕಲ್ಲುಕಂಬ ನೆಟ್ಟು, ನಾಲ್ಕು ಎಳೆ ಮುಳ್ಳುತಂತಿ ಬಿಗಿದು, ಒಂದು ಹೆಣ್ಣು ಕುದುರೆಯನ್ನೂ ಎರಡು ವರ್ಷದ ಗಂಡು ಮರಿಯನ್ನೂ ಅದರೊಳಗೆ ಬಿಡುತ್ತೇವೆ. ದೀಪಾವಳಿಯಿಂದ ಈಚೆಗೆ ಅವು ಹಲವು ಸಲ ರಾತ್ರಿ ಹೊರಗೆ ಹೋಗಿವೆ. ಒಮ್ಮೆ ಪಕ್ಕದ ಬಿಳಿಜೋಳದಲ್ಲಿ, ಇನ್ನೊಮ್ಮೆ ದ್ರಾಕ್ಷಿ ಪಡದಲ್ಲಿ, ಕಳೆದ ವಾರ ಡಾಂಬರು ರಸ್ತೆಯ ಮೇಲೆ ಸಿಕ್ಕವು. ಹೆಣ್ಣು ಕುದುರೆಯ ಎದೆ ತಂತಿಗೆ ಹರಿದಿದೆ. ತಂತಿಗೆ ಕರೆಂಟು ಕೊಡಿರಿ ಎಂದು ಕೆಲವರು, ಮುಂಗಾಲು ಕಟ್ಟಿ ಬಿಡಿರಿ ಎಂದು ನಮ್ಮ ಮನೆಯ ಹಿರಿಯರು, ಗಂಡು ಮರಿಯನ್ನು ಮಾರಿಬಿಡಿರಿ ಎಂದು ಪಕ್ಕದ ಹೊಲದ ಕಾಕಾ ಹೇಳುತ್ತಿದ್ದಾರೆ. ಬೇಲಿಯ ಎತ್ತರ ಹೆಚ್ಚಿಸಿದರೆ ಸಾಕಾಗುವುದೇ?

ಉತ್ತರ: ಸಾಕಾಗುವುದಿಲ್ಲ. ಬೇಲಿಗೆ ಕೈ ಹಚ್ಚುವ ಮೊದಲು, ಕುದುರೆಗಳು ಎಲ್ಲಿಂದ ಹೋದವು, ಯಾವ ದಿನ ಹೋದವು, ಹೋಗಿ ಎಲ್ಲಿ ನಿಂತವು ಎಂಬ ಮೂರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಕುದುರೆಯು ಸುಮ್ಮನೆ ಬೇಲಿ ಮುರಿಯುವ ಪ್ರಾಣಿಯಲ್ಲ. ಹಸಿವು, ಜೊತೆ, ಬೆದೆ, ಅಂಜಿಕೆ ಇವುಗಳಲ್ಲಿ ಒಂದು ಅದನ್ನು ಬೇಲಿಯ ಕಡೆಗೆ ನೂಕುತ್ತದೆ, ಮತ್ತು ಒಮ್ಮೆ ದಾರಿ ಸಿಕ್ಕ ಮೇಲೆ ಆ ದಾರಿಯನ್ನು ಅದು ಮರೆಯುವುದಿಲ್ಲ. ಕಾರಣವನ್ನು ಹಾಗೆಯೇ ಉಳಿಸಿಕೊಂಡು ಬೇಲಿಯನ್ನಷ್ಟೇ ಎತ್ತರಿಸಿದರೆ, ಎತ್ತರದ ಬೇಲಿಯಿಂದ ಬಿದ್ದು ಇನ್ನೂ ದೊಡ್ಡ ಗಾಯ ಮಾಡಿಕೊಳ್ಳುವ ಕುದುರೆ ನಿಮ್ಮ ಪಾಲಿಗೆ ಉಳಿಯುತ್ತದೆ.

ನಿಮ್ಮ ಪತ್ರದಲ್ಲಿಯೇ ಎರಡು ಸುಳಿವುಗಳಿವೆ. ದೀಪಾವಳಿಯ ನಂತರ ನಮ್ಮ ಕಡೆ ಹೊಲದ ಬದುವಿನ ಹುಲ್ಲು ಒಣಗುತ್ತಾ ಬರುತ್ತದೆ, ಅದೇ ಹೊತ್ತಿಗೆ ಸುತ್ತಲಿನ ಹಿಂಗಾರಿ ಜೋಳ, ಕಡಲೆ, ಗೋಧಿ ಹಸಿರಾಗಿ ನಿಂತಿರುತ್ತವೆ. ಬೇಲಿಯ ಒಳಗೆ ಬರಿಯ ಎರೆಮಣ್ಣು, ಹೊರಗೆ ಹಾಲುಗಾಳಿನ ತೆನೆ ಎಂದಾದರೆ ಕುದುರೆಯ ಆಯ್ಕೆಯಲ್ಲಿ ತಪ್ಪು ಹುಡುಕುವಂತಿಲ್ಲ. ಎರಡನೆಯದು ರಾತ್ರಿಯ ಹೊತ್ತು. ಬಯಲಿನಲ್ಲಿ ಸ್ವತಂತ್ರವಾಗಿ ಬಿಟ್ಟ ಕುದುರೆ ದಿನದ 24 ಗಂಟೆಗಳಲ್ಲಿ 16 ಗಂಟೆಗಳಷ್ಟು ಮೇಯುತ್ತದೆ, ನಿದ್ರೆ ಮಾಡುವುದು ಮೂರು–ನಾಲ್ಕು ಗಂಟೆ ಮಾತ್ರ. ಸಂಜೆ ಆರಕ್ಕೆ ಮೇವು ಹಾಕಿ ಬೆಳಗಿನ ಆರರವರೆಗೆ ಗೋದಲಿ ಖಾಲಿ ಬಿಡುವ ನಮ್ಮ ಪದ್ಧತಿ ಮೆಲುಕು ಹಾಕುತ್ತಾ ಮಲಗುವ ಎತ್ತಿಗೆ ಒಪ್ಪುತ್ತದೆ. ಮೆಲುಕು ಹಾಕದ, ಹೊಟ್ಟೆಯ ಚೀಲವೇ ಚಿಕ್ಕದಾದ ಕುದುರೆಗೆ ಒಪ್ಪುವುದಿಲ್ಲ. ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲಿನಷ್ಟು ಒಣಮೇವು ಬೇಕು. ನಿಮ್ಮ ಹೆಣ್ಣು ಕುದುರೆ 300 ಕಿಲೋ ತೂಗುತ್ತದೆ ಎಂದುಕೊಂಡರೆ ಅದು ನಾಲ್ಕೂವರೆಯಿಂದ ಆರು ಕಿಲೋ ಆಗುತ್ತದೆ, ಮತ್ತು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ರಾತ್ರಿಯ ಪಾಲಿಗೆ ಇಡಬೇಕು. ಒಳ್ಳೆಯ ಕಣಿಕಿಯನ್ನು (ಜೋಳದ ಒಣ ದಂಟನ್ನು) ಸಣ್ಣಗೆ ಕತ್ತರಿಸಿ, ಒಣಹುಲ್ಲಿನೊಂದಿಗೆ ಬೆರೆಸಿ, ಎರಡು ಮೂರು ಕಡೆ ಬೇರೆ ಬೇರೆಯಾಗಿ ಇಟ್ಟರೆ ಕುದುರೆ ಒಂದರಿಂದ ಇನ್ನೊಂದಕ್ಕೆ ಹೋಗಿ ಬಂದು ರಾತ್ರಿಯನ್ನು ಕಳೆಯುತ್ತದೆ. ನೀರಿನ ತೊಟ್ಟಿ ಖಾಲಿಯಾದರೂ ಅದು ಬೇಲಿಯತ್ತ ನಡೆಯುತ್ತದೆ ಎಂಬುದನ್ನು ನೆನಪಿಡಬೇಕು; ಬೇಸಿಗೆಯಲ್ಲಿ ಒಂದು ಕುದುರೆಗೆ ದಿನಕ್ಕೆ 40 ಲೀಟರ್ ನೀರು ಹೆಚ್ಚೇನೂ ಅಲ್ಲ.

ಇನ್ನು ಬೆದೆಯ ವಿಷಯ. ಹೆಣ್ಣು ಕುದುರೆ ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬಂದು ಐದರಿಂದ ಏಳು ದಿನ ಅದೇ ಸ್ಥಿತಿಯಲ್ಲಿರುತ್ತದೆ. ಹಗಲು ದೊಡ್ಡದಾಗುವ ಕಾಲದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ; ನಮ್ಮ ಬಿಸಿಲು ಸೀಮೆಯಲ್ಲಿ ಚಳಿಗಾಲದಲ್ಲಿಯೂ ಅದು ಪೂರ್ತಿ ನಿಲ್ಲದಿರಬಹುದು. ನೀವು ಬರೆದುಕೊಂಡ ದಿನಾಂಕಗಳ ನಡುವೆ ಮೂರು ಮೂರು ವಾರಗಳ ಅಂತರ ಕಂಡರೆ, ಬೇಲಿ ದಾಟಲು ಮೇವು ಕಾರಣವಲ್ಲ, ಬೆದೆಯೇ ಕಾರಣ ಎಂದು ತಿಳಿಯಬಹುದು. ಎರಡು ವರ್ಷದ ಗಂಡು ಮರಿಯು ಈಗಾಗಲೇ ಗರ್ಭ ಕಟ್ಟಿಸಲು ಶಕ್ತವಾಗಿರುತ್ತದೆ. ಅದನ್ನು ಹೆಣ್ಣು ಕುದುರೆಯ ಜೊತೆಗೇ ಬಿಟ್ಟಿರುವುದು, ಅದರಲ್ಲೂ ಅದು ಅದೇ ತಾಯಿಯ ಮರಿಯಾಗಿದ್ದರೆ, ತಕ್ಷಣ ನಿಲ್ಲಬೇಕಾದ ಸಂಗತಿ. ತಳಿಗಾಗಿ ಬೇಡವಾದರೆ ಪಶುವೈದ್ಯರಿಂದ ಬೀಜ ತೆಗೆಸಿರಿ. ಶಸ್ತ್ರಕ್ರಿಯೆಯಾದ ಮೇಲೆಯೂ ಒಂದು, ಒಂದೂವರೆ ತಿಂಗಳು ಬೇರೆಯಾಗಿಯೇ ಇರಿಸಿರಿ. ಮಾರುವುದರ ಬಗ್ಗೆ ಕಾಕಾ ಅವರ ಸಲಹೆಗೆ ನನ್ನ ಆಕ್ಷೇಪಣೆ ಇರುವುದು ಒಂದೇ ಕಾರಣಕ್ಕೆ: ಮರಿಯನ್ನು ಮಾರಿದ ಮರುದಿನವೇ ಒಂಟಿಯಾದ ಹೆಣ್ಣು ಕುದುರೆ ಜೊತೆಯನ್ನು ಹುಡುಕಿಕೊಂಡು ಮತ್ತೆ ಬೇಲಿ ದಾಟುತ್ತದೆ. ಹಿಂಡಿನ ಪ್ರಾಣಿಯನ್ನು ಒಂಟಿಯಾಗಿ ಇಟ್ಟು ಬೇಲಿಯಿಂದ ತಡೆಯುವುದು ಬಲು ಕಷ್ಟದ ಕೆಲಸ. ಕುದುರೆಯೇ ಆಗಬೇಕೆಂದಿಲ್ಲ, ಒಂದು ಕತ್ತೆ, ಇಲ್ಲವೇ ಶಾಂತ ಸ್ವಭಾವದ ಎರಡು ಆಡುಗಳು ಕಣ್ಣಿಗೆ ಬೀಳುವಂತೆ ಇದ್ದರೂ ಎಷ್ಟೋ ಕುದುರೆಗಳು ನೆಮ್ಮದಿಯಿಂದ ಇರುತ್ತವೆ.

ಈಗ ಬೇಲಿ. ಮುಳ್ಳುತಂತಿಯನ್ನು ಕುದುರೆಯ ಜಾಗಕ್ಕೆ ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದನವು ಮುಳ್ಳು ಚುಚ್ಚಿದೊಡನೆ ನಿಧಾನವಾಗಿ ಹಿಂದೆ ಸರಿಯುತ್ತದೆ. ಕುದುರೆ ಸಿಕ್ಕಿಬಿದ್ದೆನೆಂದು ತಿಳಿದ ಕ್ಷಣವೇ ಪೂರ್ತಿ ಬಲ ಹಾಕಿ ಎಳೆಯುತ್ತದೆ, ಆಗ ಎದೆಯ ಚರ್ಮ ಚೀಲದಂತೆ ಸುಲಿದು ಬರುತ್ತದೆ, ಕಾಲಿನ ಮುಂಭಾಗದ ಸ್ನಾಯುರಜ್ಜುಗಳು ತುಂಡಾಗುತ್ತವೆ. ಸಾಕುಪ್ರಾಣಿಗಳಲ್ಲೆಲ್ಲ ಧನುರ್ವಾಯು ಬಹಳ ಬೇಗ ತಾಗುವುದು ಕುದುರೆಗೆ, ಆದ್ದರಿಂದ ನಿಮ್ಮ ಹೆಣ್ಣು ಕುದುರೆಗೆ ಆ ಚುಚ್ಚುಮದ್ದು ಆಗಿಲ್ಲವಾದರೆ ಈ ಪತ್ರಿಕೆಯನ್ನು ಕೆಳಗಿಟ್ಟು ಮೊದಲು ಆಸ್ಪತ್ರೆಗೆ ಹೋಗಿರಿ. ತಂತಿಯ ಇನ್ನೊಂದು ದೋಷವೆಂದರೆ ಅದು ಕುದುರೆಯ ಕಣ್ಣಿಗೆ ಕಾಣದು. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲಿನ ಬಹುಪಾಲು ನೋಟ ಅದಕ್ಕೆ ಸಿಗುತ್ತದೆ, ಆದರೆ ಮೂಗಿನ ನೇರಕ್ಕೆ ಹತ್ತಿರ ಇರುವುದೂ, ಬಾಲದ ಹಿಂದೆ ಇರುವುದೂ ಕಾಣುವುದಿಲ್ಲ; ಕೆಂಪು, ಹಸಿರುಗಳ ಭೇದವೂ ಅದಕ್ಕೆ ತಿಳಿಯುವುದಿಲ್ಲ. ಓಡುತ್ತಿರುವ ಕುದುರೆಗೆ ಬೂದುಬಣ್ಣದ ತೆಳು ತಂತಿ ಇದ್ದರೂ ಇಲ್ಲದಂತೆಯೇ ಸರಿ.

ನಿಮ್ಮ ಕಲ್ಲುಕಂಬಗಳನ್ನು ಕೀಳುವ ಅಗತ್ಯವಿಲ್ಲ. ಮುಳ್ಳುತಂತಿಯನ್ನು ಬಿಚ್ಚಿ, ಅವೇ ಕಂಬಗಳಿಗೆ ಮೂರು ಅಥವಾ ನಾಲ್ಕು ಸಾಲು ಗಟ್ಟಿ ಬಿದಿರು, ಗಳ ಅಥವಾ ಕಬ್ಬಿಣದ ಕೊಳವೆಗಳನ್ನು ಅಡ್ಡಲಾಗಿ ಕಟ್ಟಿರಿ. ಖರ್ಚು ಹೆಚ್ಚೆನಿಸಿದರೆ ಮೇಲಿನ ಸಾಲೊಂದನ್ನಾದರೂ ಹೀಗೆ ಮಾಡಿ, ಕೆಳಗಿನ ಸಾಲುಗಳಿಗೆ ನುಣುಪು ತಂತಿಯನ್ನು ಬಿಗಿಯಾಗಿ ಎಳೆದು, ಮನೆಯ ವೈರಿಂಗಿಗೆ ಬಳಸುವ ಬಿಳಿ ಪ್ಲಾಸ್ಟಿಕ್ ಕೊಳವೆಯೊಳಗೆ ಅದನ್ನು ಹಾಯಿಸಿರಿ. ದ್ರಾಕ್ಷಿ ಸೀಮೆಯಲ್ಲಿ ಹಳೆಯ ಡ್ರಿಪ್ ಪೈಪುಗಳಿಗೆ ಬರವಿಲ್ಲ, ಆದರೆ ಅವು ಕಪ್ಪಗಿರುವುದರಿಂದ ರಾತ್ರಿ ಕಾಣುವುದಿಲ್ಲ. ಬಳಸಲೇಬೇಕೆಂದರೆ ಸುಣ್ಣ ಬಳಿದು ಬಳಸಿರಿ. ಮೇಲಿನ ಸಾಲು ನೆಲದಿಂದ ನಾಲ್ಕೂವರೆ ಅಡಿಗೆ ಕಡಿಮೆ ಇರಬಾರದು, ಬೀಜದ ಗಂಡಿಗೆ ಐದು ಅಡಿಗೂ ಮೇಲೆ ಬೇಕು, ಮತ್ತು ಕೆಳಗಿನ ಸಾಲು ನೆಲದಿಂದ ಒಂದಡಿಯ ಆಸುಪಾಸಿನಲ್ಲಿರಬೇಕು. ಅಡ್ಡಗಳಗಳನ್ನು ಕಂಬದ ಒಳಮಗ್ಗಲಿಗೆ, ಅಂದರೆ ಕುದುರೆ ಇರುವ ಕಡೆಗೆ ಕಟ್ಟಬೇಕು. ಹೊರಮಗ್ಗಲಿಗೆ ಕಟ್ಟಿದರೆ ಕುದುರೆ ಮೈ ಒರಗಿಸಿದಾಗಲೆಲ್ಲ ಮೊಳೆ, ಕಟ್ಟುಗಳು ಸಡಿಲವಾಗುತ್ತವೆ. ಒಳಗೆ ಕಟ್ಟಿದರೆ ಅದರ ಭಾರ ಕಂಬದ ಮೇಲೆಯೇ ಬೀಳುತ್ತದೆ. ಜಾಳಿಗೆ ಹಾಕುವವರು ಅದರ ಕಣ್ಣು ಗೊರಸು ತೂರದಷ್ಟು ಸಣ್ಣದಾಗಿರುವುದನ್ನು ನೋಡಿಕೊಳ್ಳಬೇಕು.

ಎರೆ ಭೂಮಿಯ ಒಂದು ತೊಂದರೆ ಬೇರೆಡೆಯ ಪುಸ್ತಕಗಳಲ್ಲಿ ಬರುವುದಿಲ್ಲ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಈ ಮಣ್ಣು, ಒಂದೆರಡು ವರ್ಷಗಳಲ್ಲಿಯೇ ಕಂಬವನ್ನು ಓಲಿಸಿ, ತಂತಿಯನ್ನು ಜೋಲಾಗಿಸುತ್ತದೆ. ಎರಡೂವರೆ ಅಡಿಯಿಂದ ಮೂರು ಅಡಿಯವರೆಗೆ ಕುಣಿ ತೆಗೆದು, ತೆಗೆದ ಮಣ್ಣನ್ನೇ ತುಂಬದೆ, ಗರಸು ಮತ್ತು ಕಲ್ಲುಚೂರುಗಳನ್ನು ಪದರ ಪದರವಾಗಿ ಜಡಿದು ತುಂಬಬೇಕು. ಮೂಲೆಯ ಕಂಬಗಳಿಗೂ ಗೇಟಿನ ಕಂಬಗಳಿಗೂ ಕಾಂಕ್ರೀಟು ಹಾಕಿ, ಓರೆಯ ಆಸರೆ ಕೊಡಬೇಕು. ಮೊದಲ ಮಳೆ ಬಿದ್ದ ಮೇಲೊಮ್ಮೆ, ಮಾಘ ಮಾಸದಲ್ಲಿ ನೆಲ ಬಿರಿಯತೊಡಗಿದಾಗ ಮತ್ತೊಮ್ಮೆ ಪ್ರತಿ ಕಂಬವನ್ನು ಕೈಯಿಂದ ಅಲುಗಿಸಿ ನೋಡುವುದು ಒಂದು ತಾಸಿನ ಕೆಲಸ.

ಬೇಲಿಗಿಂತ ಹೆಚ್ಚು ಸಲ ಸೋಲುವುದು ಗೇಟು. ಎರಡೂ ಕೀಲುಗಳ ಮೊಳೆಗಳು ಮೇಲ್ಮುಖವಾಗಿದ್ದರೆ, ಕುದುರೆ ಗೇಟಿನ ಕೆಳಗೆ ತಲೆ ಹಾಕಿ ಒಮ್ಮೆ ಎತ್ತಿದರೆ ಸಾಕು, ಇಡೀ ಗೇಟು ಕಳಚಿ ಬೀಳುತ್ತದೆ. ಕೆಳಗಿನ ಕೀಲನ್ನು ಮೇಲ್ಮುಖವಾಗಿಯೂ ಮೇಲಿನ ಕೀಲನ್ನು ಕೆಳಮುಖವಾಗಿಯೂ ಕೂರಿಸುವಂತೆ ಕಮ್ಮಾರರಿಗೆ ಹೇಳಿರಿ. ಗೇಟು ಒಳಕ್ಕೆ ತೆರೆಯುವಂತಿದ್ದರೆ, ನೂಕಿ ಬರುವ ಕುದುರೆ ತನ್ನ ಮೈಯಿಂದಲೇ ಅದನ್ನು ಮುಚ್ಚಿಕೊಳ್ಳುತ್ತದೆ. ಸಾಧ್ಯವಿದ್ದಲ್ಲಿ ಮೊದಲ ಗೇಟಿನ ಹೊರಗೆ ಹತ್ತು ಹನ್ನೆರಡು ಅಡಿಯ ಒಂದು ಸಣ್ಣ ಅಂಗಳ ಬಿಟ್ಟು, ಅದರಾಚೆ ಎರಡನೆಯ ಗೇಟನ್ನು ಇಡಿರಿ. ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವ ರೂಢಿ ಮನೆಯ ಹುಡುಗರಿಗೂ ಕೆಲಸದವರಿಗೂ ಬಿದ್ದರೆ, ಅರ್ಧ ತಾಪತ್ರಯ ಅಲ್ಲಿಗೇ ಮುಗಿಯಿತು. ನಿಮ್ಮಲ್ಲಿ ಖರ್ಚಿಗೆ ಮಿತಿಯಿದ್ದರೆ ನಾನು ಹಣವನ್ನು ಮೊದಲು ಗೇಟಿಗೆ, ಆಮೇಲೆ ರಸ್ತೆಯ ಕಡೆಯ ಬೇಲಿಗೆ, ಕೊನೆಗೆ ಉಳಿದ ಮಗ್ಗಲುಗಳಿಗೆ ಹಾಕಲು ಹೇಳುತ್ತೇನೆ.

ಕರೆಂಟಿನ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ಪಂಪ್‌ಸೆಟ್ಟಿನ ಅಥವಾ ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಅಪರಾಧ. ಅದಕ್ಕೆ ಬಲಿಯಾಗುವವರು ನಸುಕಿನಲ್ಲಿ ನೀರು ಹಾಯಿಸಲು ಬರುವ ರೈತರು ಮತ್ತು ಹೊಲದಲ್ಲಿ ಆಡುವ ಮಕ್ಕಳು. ಸೋಲಾರ್ ಬೇಲಿಯ ಯಂತ್ರ ಬೇರೆಯದೇ ರೀತಿಯದು. ಅದು ಸುಮಾರು ಒಂದು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು, ಸಾವಿರಾರು ವೋಲ್ಟಿನ ಒಂದು ಚುರುಕನ್ನು ಕೊಟ್ಟು ಬಿಡುತ್ತದೆ. ಮೈಗೆ ಹೊಡೆತ ತಿಳಿಯುತ್ತದೆ, ಜೀವಕ್ಕೆ ಅಪಾಯ ಇರುವುದಿಲ್ಲ. ಅಂಥ ಯಂತ್ರವನ್ನು ಬಿಳಿಯ ಅಗಲ ಪಟ್ಟಿಯೊಂದಿಗೆ, ಮೇಲಿನ ಅಡ್ಡಗಳದ ಒಳಗಡೆಗೆ ಒಂದೇ ಸಾಲು ಹಾಕಿದರೆ ಒಳ್ಳೆಯ ಫಲ ಕೊಡುತ್ತದೆ. ಮುಳ್ಳುತಂತಿಗೆ ಮಾತ್ರ ಅದನ್ನು ಜೋಡಿಸಬಾರದು, ಏಕೆಂದರೆ ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾಗದೆ ಹೊಡೆತದ ಮೇಲೆ ಹೊಡೆತ ತಿನ್ನುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಭೂಸಂಪರ್ಕ ಸರಿಯಾಗದೆ ಯಂತ್ರ ನಿಷ್ಪ್ರಯೋಜಕವಾಗುವುದರಿಂದ, ಅರ್ಥಿಂಗ್ ಸಲಾಕೆಗಳನ್ನು ಆಳವಾಗಿ ನೆಟ್ಟು, ಆಗಾಗ ನೀರು ಹಾಕುತ್ತಿರಬೇಕು. ಕುದುರೆಗಳನ್ನು ಮೊದಲ ಸಲ ಹಗಲಿನಲ್ಲಿ, ನೀವು ಎದುರಿಗಿರುವಾಗ ಆ ಬೇಲಿಗೆ ಪರಿಚಯಿಸಿರಿ.

ಮುಂಗಾಲು ಕಟ್ಟಿ ಬಿಡುವ ಪದ್ಧತಿ ಕಾವಲುಗಾರ ಜೊತೆಗಿದ್ದಾಗ, ಒಂದೆರಡು ತಾಸಿನ ಮೇಯಿಸುವಿಕೆಗೆ ಮಾತ್ರ ಸರಿ. ರಾತ್ರಿಯೆಲ್ಲ ಹಾಗೆ ಬಿಟ್ಟರೆ ನಾಯಿಗಳು ಬಂದಾಗ ಓಡಲೂ ಆಗದೆ, ಒಡ್ಡಿನಲ್ಲಿ ಬಿದ್ದರೆ ಏಳಲೂ ಆಗದೆ ಕುದುರೆ ಸಾಯಬಹುದು. ಅದಕ್ಕಿಂತ, ಬೇಲಿ ದುರಸ್ತಿಯಾಗುವವರೆಗೆ ರಾತ್ರಿ ತಬೇಲಾದಲ್ಲಿ ಇರಿಸಿ, ಬೆಳಗ್ಗೆ ಹೊರಗೆ ಬಿಡುವುದು ಮೇಲು.

ಪ್ರಶ್ನೆ: ನಾನು ವಿಜಯಪುರ ನಗರದಲ್ಲಿ ಟಾಂಗಾ ಹೊಡೆಯುವವನು. ನನ್ನ ಕುದುರೆ ತುಟಿಯಿಂದಲೇ ಚಿಲಕ ಸರಿಸಿ ಹೊರಗೆ ಬರುತ್ತದೆ. ಅಗಾಡಿ–ಪಿಛಾಡಿ (ತಲೆಗೂ ಹಿಂಗಾಲಿಗೂ ಕಟ್ಟುವ ಹಗ್ಗ) ಹಾಕಿ ಗಿಡ್ಡ ಹಗ್ಗದಲ್ಲಿ ಕಟ್ಟಿದರೆ ರಾತ್ರಿಯೆಲ್ಲ ಒದ್ದಾಡುತ್ತದೆ. ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವ ರಾತ್ರಿಯಂತೂ ಹಗ್ಗ ಹರಿದುಕೊಂಡು ಓಡಿತ್ತು.

ಉತ್ತರ: ಕುದುರೆಯ ಮೇಲ್ದುಟಿ ಕೈಬೆರಳಿನಷ್ಟೇ ಚುರುಕಾದದ್ದು, ಅಡ್ಡ ಸರಿಯುವ ಯಾವ ಅಗಳಿಯನ್ನೂ ಅದು ಕಲಿತುಬಿಡುತ್ತದೆ. ಮೇಲಿನ ಅಗಳಿಯ ಜೊತೆಗೆ ಬಾಗಿಲಿನ ಬುಡದಲ್ಲಿ, ಅದರ ಬಾಯಿಗೆ ಎಟುಕದಂತೆ, ಕಾಲಿನಿಂದ ಒತ್ತಿ ಹಾಕುವ ಎರಡನೆಯ ಕೊಂಡಿಯನ್ನು ಮಾಡಿಸಿರಿ. ಬೀಗ ಹಾಕುವುದಾದರೆ ಕೀಲಿಕೈಯನ್ನು ಬಾಗಿಲ ಪಕ್ಕದಲ್ಲಿಯೇ ತೂಗುಹಾಕಿರಿ, ಬೆಂಕಿ ಬಿದ್ದ ರಾತ್ರಿ ಅದನ್ನು ಹುಡುಕುತ್ತಾ ನಿಲ್ಲುವಂತಾಗಬಾರದು. ಗಿಡ್ಡ ಹಗ್ಗವನ್ನು ದಯವಿಟ್ಟು ಬಿಡಿರಿ. ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಹಗ್ಗ, ಸರಪಳಿಗಳಲ್ಲಿ ವಿನಾಕಾರಣ ಬಹಳ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವಾಗುತ್ತದೆ, ಮತ್ತು ಮಲಗಲಾರದ ಕುದುರೆ ಮರುದಿನ ಗಾಡಿಗೆ ಬಾರದು.

ಮದ್ದಿನ ರಾತ್ರಿಯ ಮಾತು ಬೇರೆ. ಹೆದರಿದ ಕುದುರೆಯನ್ನು ಯಾವ ಹಗ್ಗವೂ ಹಿಡಿಯಲಾರದು, ಹಿಡಿದರೆ ಕುತ್ತಿಗೆಗೆ ಕುತ್ತು. ಸಂಕ್ರಾಂತಿಯ ಆ ದಿನಗಳ ಮಟ್ಟಿಗೆ ಅದನ್ನು ಊರ ಹೊರಗಿನ ಬಂಧುಗಳ ಹೊಲಕ್ಕೆ, ಇನ್ನೊಂದು ಕುದುರೆಯ ಜೊತೆಗೆ ಕಳುಹಿಸಿಬಿಡುವುದೇ ಒಳ್ಳೆಯದು. ಆಗದಿದ್ದರೆ ಗಟ್ಟಿಯಾದ ಕೋಣೆಯಲ್ಲಿ ಕಟ್ಟದೆ ಬಿಟ್ಟು, ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟು, ಒಳಗೆ ದೀಪ ಉರಿಸಿ, ಮೇವು ತುಂಬಿ, ಪರಿಚಯದವರೊಬ್ಬರು ಹತ್ತಿರ ಕುಳಿತಿರಬೇಕು.

ಪ್ರಶ್ನೆ: ಗೋಕಾಕ ತಾಲ್ಲೂಕಿನ ನಮ್ಮ ಗೋವಿನಜೋಳದ ಹೊಲಕ್ಕೆ ಶರ್ಯತ್ತಿನ ಕುದುರೆ ಸಾಕಿದವರೊಬ್ಬರ ಕುದುರೆ ಪದೇ ಪದೇ ನುಗ್ಗುತ್ತಿದೆ. ಹಿಡಿದು ಕೊಂಡವಾಡಕ್ಕೆ (ಬೆಳೆಗೆ ನುಗ್ಗಿದ ಜಾನುವಾರು ಕೂಡಿಹಾಕುವ ದೊಡ್ಡಿಗೆ) ಹಾಕಬಹುದೇ? ಅದು ದನಗಳಿಗೆ ಮಾತ್ರ ಎಂದು ಅವರು ವಾದಿಸುತ್ತಾರೆ.

ಉತ್ತರ: ಅವರ ವಾದ ಸರಿಯಲ್ಲ. 1966ರ ಕರ್ನಾಟಕ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆಯ ಪ್ರಕಾರ ಕುದುರೆ, ತಟ್ಟು, ಹೇಸರಗತ್ತೆ, ಕತ್ತೆಗಳೂ ಜಾನುವಾರುಗಳೇ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಹಿಡಿದು ತಡಮಾಡದೆ ಕೊಂಡವಾಡಕ್ಕೆ ಒಪ್ಪಿಸುವ ಹಕ್ಕು ಹೊಲದವರಿಗಿದೆ, ದಂಡವನ್ನೂ ಮೇವಿನ ಖರ್ಚನ್ನೂ ತೆತ್ತು ಬಿಡಿಸಿಕೊಂಡು ಹೋಗುವುದು ಮಾಲೀಕರ ಹೊಣೆ. ನಿಮ್ಮ ಊರಿನಲ್ಲಿ ಕೊಂಡವಾಡದ ಗೋಡೆಗಳಷ್ಟೇ ಉಳಿದಿದ್ದರೆ, ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿರಿ. ಬೆಳೆಯ ಹಾನಿಯ ಫೋಟೊಗಳನ್ನು ದಿನಾಂಕ ಸಹಿತ ತೆಗೆದು, ಇಬ್ಬರು ನೆರೆಯವರ ಎದುರಿಗೆ ಪಂಚನಾಮೆ ಮಾಡಿಸಿದರೆ ಪರಿಹಾರದ ಮಾತು ಆಡಲು ಆಧಾರ ಸಿಗುತ್ತದೆ. ಕುದುರೆಯನ್ನು ಹೊಡೆಯುವುದು, ಮೇವು ನೀರಿಲ್ಲದೆ ನಿಮ್ಮಲ್ಲಿಯೇ ಕಟ್ಟಿಹಾಕಿಕೊಳ್ಳುವುದು ನಿಮ್ಮನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ.

ಮಾಲೀಕರಿಗೂ ಒಂದು ಮಾತು ತಲುಪಬೇಕಾಗಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ಮೈಗೆ ತೀವ್ರ ಪೆಟ್ಟಾಗುವ ಅಪಾಯವಿದ್ದೂ ತಕ್ಕ ಎಚ್ಚರ ವಹಿಸದವರಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗಿನ ಸೆರೆ, ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ ಆಗಬಹುದು. ನಸುಕಿನಲ್ಲಿ ಬೈಕಿಗೆ ಅಡ್ಡ ಬಂದ ಕುದುರೆಯ ವಿಷಯದಲ್ಲಿ ಇದು ಬರಿಯ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಹಾಗಿದ್ದರೂ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಊರ ಹಿರಿಯರನ್ನು ಕೂರಿಸಿಕೊಂಡು, ಇಬ್ಬರ ಗಡಿಯ ಬೇಲಿಯ ಖರ್ಚು ಯಾರದು ಎಂದು ಬರಹದಲ್ಲಿ ಮಾಡಿಕೊಳ್ಳಿರಿ. ಕುದುರೆಯವರು ಹೆಚ್ಚಿನ ಪಾಲು ಕೊಡುವುದು ನ್ಯಾಯ.

ಪ್ರಶ್ನೆ: ನಿಪ್ಪಾಣಿಯ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಿನ ಜಾವ ಲಾರಿಗಳ ನಡುವೆ ಎರಡು ಕುದುರೆಗಳು ಓಡುವುದನ್ನು ಕಂಡೆವು. ಜನ ಬೊಬ್ಬೆ ಹಾಕಿ ಬೆನ್ನಟ್ಟಿದಷ್ಟೂ ಅವು ಓಡಿದವು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು?

ಉತ್ತರ: ಬೆನ್ನಟ್ಟದಿರುವುದೇ ಮೊದಲ ಕೆಲಸ. ಓಟವೇ ಕುದುರೆಯ ರಕ್ಷಣೆ. ಹಿಂದೆ ಯಾರೋ ಬರುತ್ತಿದ್ದಾರೆ ಎನ್ನಿಸಿದೊಡನೆ ಅದು ಎದುರಿಗೆ ಲಾರಿಯಿದೆಯೇ ಎಂದು ನೋಡುವುದಿಲ್ಲ. ಹೆದ್ದಾರಿಯಲ್ಲಿ 1033ಕ್ಕೆ, ಉಳಿದ ರಸ್ತೆಗಳಲ್ಲಿ 112ಕ್ಕೆ ಕರೆ ಮಾಡಿ, ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಯಾವ ಊರಿನ ಕಡೆಗಿನ ಮಾರ್ಗ ಎಂಬುದನ್ನೂ ಹೇಳಿರಿ. ವಾಹನಗಳನ್ನು ನಿಧಾನಗೊಳಿಸಲು ಇಬ್ಬರು ಎರಡು ಕಡೆಗೆ ಸಾಕಷ್ಟು ದೂರ ಹೋಗಿ ನಿಲ್ಲಬೇಕು. ಹಾರ್ನು, ಕಣ್ಣು ಕುಕ್ಕುವ ದೀಪ ಬೇಡ.

ಆಮೇಲೆ ಕುದುರೆಗೆ ರಸ್ತೆಯಿಂದ ಇಳಿಯಲು ಒಂದು ದಾರಿ ತೆರೆದಿಡಬೇಕು. ಮೂರು ಜನ ಕೈ ಚಾಚಿ, ಅರ್ಧವೃತ್ತದಲ್ಲಿ, ನಡಿಗೆಯಲ್ಲಿಯೇ ಹತ್ತಿರವಾಗುತ್ತಾ ಬಂದರೆ ಅದು ತೆರೆದ ಕಡೆಗೆ, ಅಂದರೆ ಹೊಲದ ದಾರಿಗೋ ಸರ್ವಿಸ್ ರಸ್ತೆಗೋ ಸರಿಯುತ್ತದೆ. ಹಿಡಿಯುವವರು ಒಬ್ಬರೇ ಆಗಿರಬೇಕು, ಅವರು ಕುದುರೆಗೆ ಪರಿಚಿತರಾಗಿದ್ದರೆ ಇನ್ನೂ ಒಳಿತು. ನೇರವಾಗಿ ಮುಖಕ್ಕಾಗಲಿ ಹಿಂದಿನಿಂದಾಗಲಿ ಹೋಗದೆ, ಎಡ ಭುಜದ ಕಡೆಗೆ ಓರೆಯಾಗಿ, ಮೆಲ್ಲನೆ ಮಾತನಾಡುತ್ತಾ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ ನಡೆಯಬೇಕು. ಕೈಯಲ್ಲಿ ಬಕೆಟ್ಟು ಇರಲಿ, ಅದರೊಳಗೆ ಒಂದು ಹಿಡಿ ಕಡಲೆಯಿದ್ದರೂ ಸಾಕು. ದಾಣಿಯ ಸದ್ದು ಕೇಳಿ ಬೆಳೆದ ಕುದುರೆ ಆ ಸದ್ದಿಗೆ ಕಿವಿ ತಿರುಗಿಸುತ್ತದೆ. ಹಗ್ಗವನ್ನು ಬೆನ್ನ ಹಿಂದೆ ಹಿಡಿದುಕೊಂಡು, ಕುದುರೆ ಬಕೆಟ್ಟಿಗೆ ಮೂತಿ ಹಾಕಿದಾಗ ಕುತ್ತಿಗೆಯ ಸುತ್ತ ಹಾಯಿಸಬೇಕು, ತನ್ನ ಕೈಗೆ ಮಾತ್ರ ಎಂದಿಗೂ ಸುತ್ತಿಕೊಳ್ಳಬಾರದು. ಎರಡಿದ್ದಾಗ ಮುಂದಾಳಾದ ಕುದುರೆಯನ್ನು ಹಿಡಿದರೆ ಇನ್ನೊಂದು ತಾನಾಗಿಯೇ ಬರುತ್ತದೆ. ಯಾವುದೂ ಆಗದಿದ್ದರೆ ಮನೆಯಲ್ಲಿ ಉಳಿದ ಶಾಂತ ಕುದುರೆಯೊಂದನ್ನು ತಂದು, ದೂರದಲ್ಲಿ ಮೇಯಲು ಬಿಡುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ.

ಹೆದ್ದಾರಿಯ ವಿಭಜಕದ ಮೇಲೆ ಸಾಲಾಗಿ ಬೆಳೆಸಿರುವ ಕಣಗಿಲೆಯ ಬಗ್ಗೆಯೂ ಎಚ್ಚರ ಬೇಕು. ಅದರ ಹೂವು ಪೂಜೆಗೆ ಬಂದರೂ ಎಲೆ ಹೃದಯಕ್ಕೆ ಕಟುವಾದ ವಿಷ. ಸ್ವಲ್ಪವೇ ಎಲೆ, ಅದರಲ್ಲೂ ಕತ್ತರಿಸಿ ಬಾಡಿದ್ದು, ಒಂದು ಕುದುರೆಯನ್ನು ಕೊಲ್ಲಲು ಸಾಕು. ವಿಭಜಕದಲ್ಲಿ ಮೇಯ್ದ ಕುದುರೆಯನ್ನು ಹಿಡಿದುತಂದ ಮೇಲೆ, ಚೆನ್ನಾಗಿ ಕಂಡರೂ, ಪಶುವೈದ್ಯರಿಗೆ ಈ ಸಂಗತಿಯನ್ನು ಹೇಳಲೇಬೇಕು. ಸಿಂಪಡಣೆಯಾದ ದ್ರಾಕ್ಷಿ ಪಡ, ಬದುವಿನ ಮೇಲಿನ ಔಡಲ, ಎಳೆಯ ಜೋಳದ ಕುಡಿ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಪ್ರಶ್ನೆ: ಜಮಖಂಡಿಯ ನಮ್ಮ ಕುದುರೆ ರಾತ್ರಿ ಬಿಚ್ಚಿಕೊಂಡು, ಕಣದಲ್ಲಿ ರಾಶಿ ಹಾಕಿದ್ದ ಗೋವಿನಜೋಳವನ್ನು ತಿಂದಿತ್ತು. ಮರುದಿನ ಸರಿಯಾಗಿಯೇ ಇತ್ತು, ಮೂರನೆಯ ದಿನದಿಂದ ನಡೆಯಲಾರದೆ ನಿಂತಲ್ಲೇ ನಿಂತಿದೆ. ಓಡುವಾಗ ಕಾಲು ಉಳುಕಿರಬಹುದೇ?

ಉತ್ತರ: ಉಳುಕಲ್ಲ, ಕಾಳಿನ ಪರಿಣಾಮ ಗೊರಸಿಗೆ ಇಳಿದಿರುವಂತೆ ತೋರುತ್ತದೆ. ಒಮ್ಮೆಲೇ ತಿಂದ ಕಾಳು ದೊಡ್ಡ ಕರುಳಿನಲ್ಲಿ ಹುಳಿತು, ಅಲ್ಲಿಂದ ವಿಷಗಳು ರಕ್ತಕ್ಕೆ ಸೇರಿ, ಗೊರಸಿನ ಒಳಗಿನ ಮೃದು ಪದರ ಉರಿಯೂತಕ್ಕೆ ಒಳಗಾಗುತ್ತದೆ. ಇದು ಕಾಣಿಸಿಕೊಳ್ಳಲು ಒಂದೆರಡು ದಿನ ಹಿಡಿಯುತ್ತದೆ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನು ಹಿಂಗಾಲಿಗೆ ಹಾಕಿ ನಿಲ್ಲುವುದು, ಗೊರಸು ಬಿಸಿಯಾಗಿರುವುದು, ಗೊರಸಿನ ಮೇಲಿನ ಕೀಲಿನ ಹಿಂದೆ ನಾಡಿ ಜೋರಾಗಿ ಬಡಿಯುವುದು ಇವು ಕಂಡರೆ ಸಂಶಯವೇ ಬೇಡ. 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಸಿರಿ, ಅದು ಬರುವವರೆಗೆ ಕಾಲುಗಳನ್ನು ತಣ್ಣೀರಿನಲ್ಲಿ, ಸಿಕ್ಕರೆ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇರಿಸಿ, ದಪ್ಪ ಮರಳಿನ ಮೇಲೆ ನಿಲ್ಲಿಸಿರಿ. ಬಲವಂತದಿಂದ ನಡೆಸಬೇಡಿರಿ.

ಇತರ ಓದುಗರಿಗೆ ಇದರಲ್ಲಿ ತಿಳಿಯಬೇಕಾದದ್ದು ಇದೆ. ತಪ್ಪಿಸಿಕೊಂಡ ಕುದುರೆ ಕಾಳು ತಿಂದಿದೆ ಎಂದು ಗೊತ್ತಾದ ರಾತ್ರಿಯೇ ವೈದ್ಯರು ಬರಬೇಕು. ಕುದುರೆಗೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಅದರ ಹೊಟ್ಟೆಯ ಚೀಲಕ್ಕೆ ಹದಿನೈದು ಲೀಟರಿಗಿಂತ ಹೆಚ್ಚು ಹಿಡಿಯುವುದು ಅಪರೂಪ, ಆದ್ದರಿಂದ ಉಬ್ಬಿದ ಕಾಳಿಗೆ ಅಲ್ಲಿ ಜಾಗವಿರುವುದಿಲ್ಲ. ವೈದ್ಯರು ಮೂಗಿನ ಮೂಲಕ ನಳಿಕೆ ಇಳಿಸಿ ಹೊಟ್ಟೆಯನ್ನು ಹಗುರಗೊಳಿಸುತ್ತಾರೆ. ದನಗಳಿಗೆ ಮಾಡುವಂತೆ ಗೊಟ್ಟದಿಂದ (ಔಷಧ ಕುಡಿಸುವ ಬಿದಿರಿನ ಕೊಳವೆಯಿಂದ) ಎಣ್ಣೆ ಕುಡಿಸಲು ಹೋದರೆ ಅದು ಶ್ವಾಸಕೋಶಕ್ಕೆ ಇಳಿದು ಬೇರೆಯೇ ಅನಾಹುತವಾಗುತ್ತದೆ. ಕಾಳಿನ ಚೀಲಗಳನ್ನೂ ಹಿಂಡಿಯನ್ನೂ ತಬೇಲಾದ ಒಳಗೇ ಇಡುವ ರೂಢಿ ಬಹಳ ಮನೆಗಳಲ್ಲಿದೆ. ಅವು ಇನ್ನೊಂದು ಬಾಗಿಲಿನ, ಇನ್ನೊಂದು ಅಗಳಿಯ ಹಿಂದೆ ಇರಲಿ.

ಪ್ರಶ್ನೆ: ಕಳೆದುಹೋದ ಕುದುರೆ ಬೇರೆ ಊರಿನಲ್ಲಿ ಸಿಕ್ಕಾಗ ನಮ್ಮದೆಂದು ತೋರಿಸುವುದು ಹೇಗೆ? (ಮುಧೋಳ)

ಉತ್ತರ: ಎರಡೂ ಮಗ್ಗಲು, ಮುಖ, ನಾಲ್ಕು ಕಾಲುಗಳ ಫೋಟೊಗಳನ್ನು ಈಗಲೇ ತೆಗೆದು ಇಟ್ಟುಕೊಳ್ಳಿರಿ. ನಮ್ಮ ಕಡೆ ಕೊಳ್ಳುವ ಮೊದಲು ಶುಭ–ಅಶುಭಕ್ಕಾಗಿ ನೋಡುವ ಸುಳಿಗಳು, ಭವಿಷ್ಯ ಹೇಳುತ್ತವೆಯೋ ಇಲ್ಲವೋ, ಗುರುತಿಗಂತೂ ಉತ್ತಮ. ಹೊರದೇಶಗಳ ಕುದುರೆ ದಾಖಲೆಗಳಲ್ಲಿಯೂ ಹಣೆಯ, ಕುತ್ತಿಗೆಯ ಸುಳಿಗಳನ್ನು ಚಿತ್ರದಲ್ಲಿ ಗುರುತಿಸುತ್ತಾರೆ. ಕುತ್ತಿಗೆಯ ಎಡಭಾಗದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಮೈಕ್ರೋಚಿಪ್ ಹಾಕಿಸಿದರೆ ವಾದಕ್ಕೆ ಎಡೆಯೇ ಇರುವುದಿಲ್ಲ, ಆದರೆ ಅದನ್ನು ಓದುವ ಯಂತ್ರ ಎಲ್ಲ ಕಡೆ ಸಿಗದು. ಆದ್ದರಿಂದ ಕೊರಳಪಟ್ಟಿಗೆ ಫೋನ್ ಸಂಖ್ಯೆ ಕೊರೆದ ಹಿತ್ತಾಳೆಯ ಬಿಲ್ಲೆಯೂ ಇರಲಿ. ಆ ಪಟ್ಟಿ ತೊಗಲಿನದಾಗಿರಬೇಕು. ನೈಲಾನ್ ಪಟ್ಟಿ ಗಿಡದ ಟೊಂಗೆಗೆ ಸಿಕ್ಕರೆ ಹರಿಯುವುದಿಲ್ಲ, ಕುದುರೆಯ ಕೊರಳೇ ಸಿಕ್ಕಿಕೊಳ್ಳುತ್ತದೆ.